ಯಾರೂ ಕೇಳದಿದ್ದ ರಾಜೀನಾಮೆ
ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಪೈಪಿಗೆಂದು ಅಗೆದು ಬಿಟ್ಟ ಗುಂಡಿಗೆ ಈ ವಾರ ಸ್ಕೂಟರ್ ಹುಡುಗನೊಬ್ಬ ಬಿದ್ದ. ಮುಚ್ಚುವುದು ತಮ್ಮ ಕೆಲಸವಲ್ಲ ಎಂದರು ಅಗೆದವರು. ಅಗೆದದ್ದು ತಾವಲ್ಲ ಎಂದರು ಮುಚ್ಚಬೇಕಾದವರು. ಎರಡೂ ಮಾತು ನಿಜವಿರಬಹುದು, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಹೊಣೆಯನ್ನು ತಾನೇ ಹೊತ್ತ ಅಂದಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ನೆನಪಾದರು. 1984ರ ಡಿಸೆಂಬರಿನಲ್ಲಿ, ಇಂದಿರಾ ಹತ್ಯೆಯ ನಂತರದ ಅನುಕಂಪದ ಅಲೆಯಲ್ಲಿ, ಕರ್ನಾಟಕದ 28 ಲೋಕಸಭಾ ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ದಕ್ಕಿದ್ದು ಬರೀ 4. ಅದು ವಿಧಾನಸಭೆಯ ಚುನಾವಣೆಯಲ್ಲ. ಮುಖ್ಯಮಂತ್ರಿ ಕುರ್ಚಿ ಬಿಡಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಸೋಲನ್ನು ಅಲೆಯ ಮೇಲೆ ಹೊರಿಸಿದ್ದರೆ ಜನ ಒಪ್ಪಿಯೂ ಬಿಡುತ್ತಿದ್ದರು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಮತದಾರರ ಮುಂದೆ ನಿಂತರು. ತಪ್ಪು ಸಾಬೀತಾದ ಮೇಲೆ ತಲೆಬಾಗುವುದು ಬೇರೆ; ತನ್ನ ಅಧಿಕಾರದ ವ್ಯಾಪ್ತಿಯಲ್ಲಿ ಆದದ್ದಕ್ಕೆಲ್ಲ ತಾನೇ ಉತ್ತರ ಕೊಡಬೇಕೆಂದು ಎದ್ದು ನಿಲ್ಲುವುದು ಬೇರೆ. 1985ರ ಮಾರ್ಚಿನಲ್ಲಿ ಅದೇ ಜನ 224ರಲ್ಲಿ 139 ಸ್ಥಾನ ಕೊಟ್ಟರು. ಆ ರಾಜೀನಾಮೆಯಲ್ಲಿ ರಾಜಕೀಯ ಲೆಕ್ಕಾಚಾರವೂ ಇತ್ತು ಎನ್ನುವವರಿದ್ದಾರೆ. ಇದ್ದಿರಲಿ, ಸೋಲುವ ಅಪಾಯವೂ ಅಷ್ಟೇ ಇತ್ತಲ್ಲ! ಆದರೆ 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಟೀಕಿಸಿದಾಗ ಕೊಟ್ಟ ರಾಜೀನಾಮೆಯನ್ನು ಅವರು ಕೆಲವೇ ದಿನಗಳಲ್ಲಿ ಹಿಂಪಡೆದದ್ದನ್ನು ನಾನು ಇವತ್ತಿಗೂ ಒಪ್ಪಲಾರೆ. ಪಕ್ಷದವರ ಒತ್ತಾಯ ಅದಕ್ಕೆ ಕಾರಣವಾಗಬಾರದಿತ್ತು.