ಹಂಪೆಗೆ ಹೋಗುವ ಮುನ್ನ ಒಂದು ಮಾತು

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶ ಓದುವುದಕ್ಕೆ ನಮಗೆ ಕಟ್ಟುಪಾಡುಂಟು. ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಎಳೆಯಬಾರದು, ಹಾಳೆ ಹರಿಯಬಾರದು, ಗೊತ್ತಾದ ದಿನ ಹಿಂದಿರುಗಿಸಬೇಕು. ಇದಕ್ಕೆ ಒಪ್ಪಿ ಸಹಿ ಹಾಕಿದ ಮೇಲೆಯೇ ಪುಸ್ತಕ ನಮ್ಮ ಕೈಗೆ ಬರುತ್ತದೆ. ಆದರೆ ದೇಶ ಸುತ್ತಲು ಹೊರಟಾಗ ಅಂಥ ಒಂದು ಮಾತನ್ನು ನಮ್ಮಿಂದ ಯಾರೂ ಕೇಳುವುದಿಲ್ಲ. ನಾವಾಗಿ ಕೊಡುವುದೂ ಇಲ್ಲ. ಬಸ್ಸಿನ ಹಣ ಕಟ್ಟಿದರೆ ತೀರಿತು! ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಚಳಿಗಾಲ ಬಂತೆಂದರೆ ನಾಡಿನ ಎಷ್ಟೋ ಶಾಲೆ ಕಾಲೇಜುಗಳ ಬಸ್ಸುಗಳು ಹಂಪೆಯ ದಾರಿ ಹಿಡಿಯುತ್ತವೆ. ಆದ್ದರಿಂದ ಹಂಪೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಬಲ್ಲದವರಾರು? ಐವತ್ತು ರೂಪಾಯಿಯ ನೋಟಿನ ಮೇಲೂ ಅದರ ಚಿತ್ರವಿದೆ. ಅದರ ಚಕ್ರಗಳು ಹಿಂದೆ ತಿರುಗುತ್ತಿದ್ದವು. ನೋಡಬಂದವರೆಲ್ಲ ತಿರುಗಿಸತೊಡಗಿದುದರಿಂದ, ಸವೆದು ಹಾಳಾದೀತೆಂದು ಅವುಗಳನ್ನು ಅಲುಗದಂತೆ ಭದ್ರಪಡಿಸಬೇಕಾಯಿತು. ಅಲ್ಲಿನ ನಾದದ ಕಂಬಗಳ ಕಥೆಯೂ ಇಷ್ಟೆ. ಬಂದವರೆಲ್ಲ ಬಡಿದು ಕೇಳಿದರು. ಈಗ ಅವುಗಳನ್ನು ತಟ್ಟುವುದಕ್ಕೆ ನಿಷೇಧವಿದೆ. ಚಕ್ರ ತಿರುಗುವುದನ್ನು ನಾವು ಕಾಣಲಾರೆವು, ಕಂಬ ನುಡಿಯುವುದನ್ನು ಕೇಳಲಾರೆವು. ಈ ನಷ್ಟವನ್ನು ನಮಗೆ ತಂದವರು ಶತ್ರುಗಳಲ್ಲ, ನಮ್ಮಂತೆಯೇ ನೋಡಲು ಬಂದ ಪ್ರವಾಸಿಗಳು. ನಾಳೆ ಬರುವವರಿಗೆ ನಾವು ಇನ್ನೇನನ್ನು ಇಲ್ಲವಾಗಿಸಲಿದ್ದೇವೆ?

ಕಾಯಿದೆ ಇಲ್ಲವೆ, ಕಾವಲುಗಾರರಿಲ್ಲವೆ ಎಂದು ಕೆಲವರು ಕೇಳಬಹುದು. ಇದ್ದಾರೆ. ಆದರೆ 1986ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರದ ವಿಸ್ತಾರ ಸುಮಾರು 41 ಚದರ ಕಿಲೋಮೀಟರು. ಅಲ್ಲಿ ಉಳಿದಿರುವ ಅವಶೇಷಗಳು 1600ಕ್ಕೂ ಹೆಚ್ಚು. ಒಂದೊಂದು ಮಂಟಪಕ್ಕೂ ಒಬ್ಬೊಬ್ಬ ಕಾವಲುಗಾರನನ್ನು ಯಾವ ಸರಕಾರ ತಾನೆ ನಿಲ್ಲಿಸೀತು? ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾಯಿದೆಯುಂಟು. ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಆದರೂ ಹಂಪೆಯಲ್ಲಿ ಕೆಲವು ಯುವಕರು ಕಂಬವೊಂದನ್ನು ಕೈಯಿಂದ ತಳ್ಳಿ ಉರುಳಿಸಿದ ಚಿತ್ರ 2019ರ ಫೆಬ್ರವರಿಯಲ್ಲಿ ದೇಶವೆಲ್ಲ ಹಬ್ಬಿತು. ನಾಲ್ವರಿಗೆ ತಲಾ 70,000 ರೂಪಾಯಿ ದಂಡವಾಯಿತು. ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿದರು. ನ್ಯಾಯವೇನೋ ಆಯಿತು. ಆದರೆ ದಂಡ ಬಂದದ್ದು ಕಂಬ ಬಿದ್ದ ಮೇಲೆ. ಬೀಳುವುದಕ್ಕೆ ಮೊದಲೇ ಕೈಯನ್ನು ತಡೆಯಬಲ್ಲದ್ದು ತಾನಾಗಿ ಕೊಟ್ಟ ಮಾತೊಂದೇ.

ಇದಕ್ಕೆ ನಮ್ಮ ಆಡುಮಾತೂ ಕೊಂಚ ಅಡ್ಡಿಯಾಗಿದೆ. ‘ಹಾಳು ಹಂಪೆ’ ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಹಾಳಾದುದನ್ನು ಇನ್ನಷ್ಟು ಹಾಳುಮಾಡಿದರೆ ಕೇಳುವವರಾರು ಎಂಬ ಭಾವನೆ ಆ ಮಾತಿನೊಡನೆ ನುಸುಳುತ್ತದೆ. 1565ರಲ್ಲಿ ರಾಜಧಾನಿ ನಾಶವಾದುದು ನಿಜ. ಆದರೆ ವಿರೂಪಾಕ್ಷನಿಗೆ ಇಂದಿಗೂ ನಿತ್ಯಪೂಜೆ ಸಲ್ಲುತ್ತಿದೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಕೆಲವು ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿವೆ. ಕಮಲಾಪುರ, ಆನೆಗೊಂದಿಗಳಲ್ಲಿ ಜನ ಬಾಳುತ್ತಿದ್ದಾರೆ. ನಾವು ಹೋಗುವುದು ವಾರಸುದಾರರಿಲ್ಲದ ಬಯಲಿಗಲ್ಲ, ಇನ್ನೊಬ್ಬರ ಊರಿಗೆ. ನೆಂಟರ ಮನೆಗೆ ಹೋದಾಗ ಉಂಡ ಎಲೆಯನ್ನು ಅಂಗಳದಲ್ಲಿ ಎಸೆದು ಬರುವವರುಂಟೆ?

ಪೆಸಿಫಿಕ್ ಸಾಗರದಲ್ಲಿ ಪಲಾವು ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಜನಸಂಖ್ಯೆ ಸುಮಾರು 18,000. ಬರುವ ಪ್ರವಾಸಿಗಳ ಸಂಖ್ಯೆ ಅದರ ಹಲವು ಪಟ್ಟು ಏರಿದಾಗ ಆ ಜನ 2017ರಲ್ಲಿ ಒಂದು ಉಪಾಯ ಹೂಡಿದರು. ಬಂದಿಳಿದ ಪ್ರವಾಸಿಯ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯನ್ನು ಮುದ್ರೆಯೊತ್ತುತ್ತಾರೆ. ಅದಕ್ಕೆ ಅವನು ಸಹಿ ಹಾಕಬೇಕು. ಆ ಮಾತನ್ನು ಅವನು ಕೊಡುವುದು ಅಧಿಕಾರಿಗಳಿಗಲ್ಲ, ಆ ನಾಡಿನ ಮಕ್ಕಳಿಗೆ. ನಿಮ್ಮ ನೆಲವನ್ನೂ ಕಡಲನ್ನೂ ಕೆಡಿಸದೆ ಹಿಂದಿರುಗುತ್ತೇನೆ ಎಂಬುದು ಅದರ ಸಾರಾಂಶ.

ಪ್ರತಿಜ್ಞೆ ಮಾಡಿದವರೆಲ್ಲ ನಡೆಸಿಯಾರೆ ಎಂಬ ಸಂಶಯ ಸಹಜ. ಎಲ್ಲರೂ ನಡೆಸಲಾರರು. ಆದರೆ ನಲವತ್ತು ಮಂದಿ ಒಟ್ಟಿಗೆ ಮಾತು ಕೊಟ್ಟ ಬಸ್ಸಿನಲ್ಲಿ, ಒಬ್ಬನು ರಥವನ್ನೇರಲು ಹೋದರೆ ‘ಬೇಡವಯ್ಯ, ಇಳಿ’ ಎನ್ನುವ ಹಕ್ಕು ಉಳಿದ ಮೂವತ್ತೊಂಬತ್ತು ಮಂದಿಗೆ ಬರುತ್ತದೆ. ಇಂದು ಹಾಗೆ ಹೇಳಲು ನಮಗೆ ಸಂಕೋಚ, ಹೇಳಿದವನು ನಗೆಗೀಡಾಗುತ್ತಾನೆ. ಆ ಸಂಕೋಚ ಹರಿದರೆ ಅಷ್ಟೇ ದೊಡ್ಡ ಲಾಭ.

ಆದ್ದರಿಂದ ನನ್ನ ಸೂಚನೆ ಇಷ್ಟು. ಪ್ರವಾಸಕ್ಕೆ ಹೆಸರು ಕೊಡುವ ಅರ್ಜಿಯಲ್ಲಿಯೇ ಐದು ಸಾಲುಗಳನ್ನು ಸೇರಿಸೋಣ. ಸ್ಮಾರಕವನ್ನು ಹತ್ತುವುದಿಲ್ಲ, ತಟ್ಟುವುದಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತುವುದಿಲ್ಲ, ಬರೆಯುವುದಿಲ್ಲ. ಕೊಂಡೊಯ್ದ ಬಾಟಲಿ, ಎಲೆ, ಕಾಗದಗಳನ್ನು ತಿರುಗಿ ಬಸ್ಸಿಗೆ ತರುತ್ತೇವೆ. ಪೂಜೆ ನಡೆಯುವಲ್ಲಿ ಸದ್ದು ಮಾಡುವುದಿಲ್ಲ. ಹರಿಗೋಲಿನವನಿಗೂ ಎಳನೀರಿನಾಕೆಗೂ ಒಪ್ಪಿದ ಹಣವನ್ನು ಸರಿಯಾಗಿ ಕೊಡುತ್ತೇವೆ. ಇವುಗಳ ಕೆಳಗೆ ವಿದ್ಯಾರ್ಥಿಗಳ ಸಹಿಯಿರಲಿ. ನಮ್ಮೊಡನೆ ಬರುವ ಅಧ್ಯಾಪಕರೂ ಮೊದಲ ಸಹಿ ಹಾಕಿ ದಾರಿ ತೋರಲಿ.

ಇದಕ್ಕೆ ಸರಕಾರದ ಆಜ್ಞೆ ಬೇಕಿಲ್ಲ, ಹಣವೂ ಬೇಕಿಲ್ಲ. ಮುಂದಿನ ಪ್ರವಾಸದ ಅರ್ಜಿ ಅಚ್ಚಾಗುವುದಕ್ಕೆ ಮೊದಲೇ ಪ್ರಾಂಶುಪಾಲರೂ ವಿದ್ಯಾರ್ಥಿ ಸಂಘದವರೂ ಇದನ್ನು ಆಲೋಚಿಸಬೇಕೆಂದು ಬಿನ್ನವಿಸುತ್ತೇನೆ.