ಫ್ರೆಂಚ್ ನೆಲದಲ್ಲಿ ಇಂಗ್ಲಿಷ್ ಸೆಮಿಸ್ಟರ್

ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಅಂಕ ಕೊಡುವುದು 20ಕ್ಕೆ. 10 ಬಂದರೆ ಪಾಸು, 12 ಬಂದರೆ ಪರವಾಗಿಲ್ಲ, 14 ಬಂದರೆ ಚೆನ್ನಾಗಿದೆ. 16 ದಾಟಿದವರು ತರಗತಿಗೆ ಬೆರಳೆಣಿಕೆಯಷ್ಟು. 20 ದೇವರಿಗೆ, 19 ಮೇಷ್ಟರಿಗೆ ಎಂಬ ತಮಾಷೆ ಅಲ್ಲಿ ಹಳೆಯದು. 95 ಬಂದರೆ ಉಳಿದ 5 ಎಲ್ಲಿ ಹೋಯಿತು ಎಂದು ವಿಚಾರಿಸುವ ಮನೆಯಿಂದ ಒಂದು ಸೆಮಿಸ್ಟರಿನ ಮಟ್ಟಿಗೆ ಅಲ್ಲಿಗೆ ಹೊರಟ ವಿದ್ಯಾರ್ಥಿಗೆ ಈ ತಮಾಷೆಗೆ ನಗು ಬರುವುದಿಲ್ಲ. ಪರಭಾಷೆಯಲ್ಲಿ ಪರೀಕ್ಷೆ ಬರೆದು 11 ತಂದು, ಊರಿನ ಕಾಲೇಜು ಅದನ್ನು ಶೇಕಡಾ 55 ಎಂದು ಬರೆದುಕೊಂಡರೆ ಗತಿ ಏನು? ಹೀಗೆ ಲೆಕ್ಕ ಹಾಕಿದವನು ವಿಷಯಗಳ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳಿಗಷ್ಟೇ ಗುರುತು ಹಾಕುತ್ತಾನೆ.

ಲಿಯಾನಿಗೋ ಲೊಸಾನಿಗೋ ಮಾಂಟ್ರಿಯಲಿಗೋ ವಿನಿಮಯಕ್ಕೆ ಹೋದ ಇಂಥವರು ತಿಂಗಳುಗಟ್ಟಲೆ ಇಂಗ್ಲಿಷಿನಲ್ಲೇ ಪಾಠ ಕೇಳಿ, ಬೇರೆ ಬೇರೆ ದೇಶಗಳಿಂದ ಬಂದ ತಮ್ಮಂಥವರ ಜೊತೆಯಲ್ಲೇ ಅಡುಗೆ ಮಾಡಿಕೊಂಡು, ವಾರಾಂತ್ಯಕ್ಕೆ ಅಗ್ಗದ ಬಸ್ಸು ಹಿಡಿದು ಊರೂರು ಸುತ್ತಿ ವಾಪಸಾಗುತ್ತಾರೆ. ಯುರೋಪಿನಲ್ಲಿ ಇದಕ್ಕೆ, ಅಲ್ಲಿನ ವಿದ್ಯಾರ್ಥಿ ವಿನಿಮಯ ಯೋಜನೆಯ ಮೇಲಿಂದ, ‘ಎರಾಸ್ಮಸ್ ಗುಳ್ಳೆ’ ಎಂಬ ಹೆಸರೇ ಬಿದ್ದಿದೆ. ಮದುವೆಗೆ ಹೋಗಿ ಪಕ್ಕದ ಹೋಟೆಲಿನಲ್ಲಿ ಉಂಡು ಬಂದ ಹಾಗಾಯಿತು.

ಇದಕ್ಕೆ ಹುಡುಗರನ್ನು ಬೈದು ಫಲವಿಲ್ಲ. ಅಂಕ ಕೆಟ್ಟರೆ ಪಾಡು ನಿನ್ನದು ಎಂದು ಹೆದರಿಸಿ ಕಳಿಸುವುದು ಅವರದೇ ವಿಶ್ವವಿದ್ಯಾಲಯ. ಫ್ರೆಂಚ್ ಮಾಧ್ಯಮದ ಸಂಸ್ಥೆಗೆ ವಿದ್ಯಾರ್ಥಿಯನ್ನು ಕಳಿಸುವವರು ಎರಡು ನಿಯಮ ಮಾಡಬೇಕು: ಅಲ್ಲಿ ಒಂದು ವಿಷಯವನ್ನಾದರೂ ಫ್ರೆಂಚಿನಲ್ಲಿ ಓದಲೇಬೇಕು; ಅಲ್ಲಿನ ಅಂಕವನ್ನು ಇಲ್ಲಿನ ಸರಾಸರಿಗೆ ಸೇರಿಸದೆ ಪಾಸು-ಫೇಲು ಎಂದಷ್ಟೇ ದಾಖಲಿಸಬೇಕು. ಮೊದಲನೆಯದನ್ನಷ್ಟೇ ಮಾಡಿದರೆ ಅದು ಶಿಕ್ಷೆಯಾಗುತ್ತದೆ, ಎರಡನೆಯದನ್ನಷ್ಟೇ ಮಾಡಿದರೆ ಪ್ರವಾಸವಾಗುತ್ತದೆ.

ಯುರೋಪಿನ ವಿನಿಮಯದ ಕತೆಯ ಹಿಂದೆಯೂ ಇಂಥದ್ದೇ ಒಂದು ತಕರಾರಿದೆ. ಇಟಲಿಯ ಸೋಫಿಯಾ ಕೊರಾಡಿ 1950ರ ದಶಕದ ಕೊನೆಯಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದರು. ರೋಮಿನ ವಿಶ್ವವಿದ್ಯಾಲಯ ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊರದೇಶದ ಓದಿಗೆ ತವರಿನಲ್ಲಿ ಮಾನ್ಯತೆ ಸಿಗಬೇಕೆಂದು ಆಕೆ ವರ್ಷಗಟ್ಟಲೆ ಪಟ್ಟು ಹಿಡಿದರು. 1987ರಲ್ಲಿ 11 ದೇಶಗಳ ಸುಮಾರು 3,200 ವಿದ್ಯಾರ್ಥಿಗಳೊಂದಿಗೆ ಎರಾಸ್ಮಸ್ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು, ತರಬೇತಿಗೆ ಹೋದ ಯುವಕರು, ಸಿಬ್ಬಂದಿ ಎಲ್ಲ ಸೇರಿ ಈವರೆಗೆ ಅದರ ಪ್ರಯೋಜನ ಪಡೆದವರು ಒಂದೂವರೆ ಕೋಟಿಗೂ ಹೆಚ್ಚು. ವರ್ಷಕ್ಕೆ 60, ಸೆಮಿಸ್ಟರಿಗೆ 30 ಎಂಬ ಯುರೋಪಿನ ಏಕರೂಪದ ಕ್ರೆಡಿಟ್ ಲೆಕ್ಕ ಬೆಳೆದದ್ದೂ ಈ ಯೋಜನೆಯ ಜೊತೆಯಲ್ಲೇ. ಕ್ರೆಡಿಟ್ಟಿನ ತಕರಾರು ಹೀಗೆ ಬಹುಮಟ್ಟಿಗೆ ಮುಗಿಯಿತು, ಗ್ರೇಡಿನದು ಉಳಿದುಕೊಂಡಿತು.

ಫ್ರೆಂಚ್ ತರಗತಿಯಲ್ಲಿ ಕೂತವನಿಗೆ ಸಿಗುವುದು ಭಾಷೆಯೊಂದೇ ಆಗಿದ್ದರೆ ಇಷ್ಟು ಹಟ ಬೇಕಿರಲಿಲ್ಲ. ಅಲ್ಲಿನ ಓದಿನ ರೀತಿಯೇ ಬೇರೆ. ‘ಆಂಫಿ’ ಎಂದು ಕರೆಯುವ ಮೆಟ್ಟಿಲು ಸಭಾಂಗಣದಲ್ಲಿ ನೂರಾರು ಜನರ ಮುಂದೆ ಪ್ರೊಫೆಸರ್ ಗಂಟೆಗಟ್ಟಲೆ ಮಾತಾಡುತ್ತಾರೆ. ಸ್ಲೈಡುಗಳನ್ನು ನಂಬಿಕೊಂಡು ಕೂರುವಂತಿಲ್ಲ, ಬರೆದುಕೊಂಡವನು ಬಚಾವು. ಅದೇ ವಿಷಯಕ್ಕೆ ‘ತೇ-ದೇ’ ಎಂಬ ಸಣ್ಣ ತರಗತಿಯೂ ಇರುತ್ತದೆ. ಅಲ್ಲಿ ಹಾಜರಿ ಬಿಗಿ, ಸರದಿಯಂತೆ ‘ಎಕ್ಸ್‌ಪೋಜೆ’ ಎಂಬ ಮೌಖಿಕ ಮಂಡನೆ. ಕಾನೂನು ವಿಭಾಗದಲ್ಲಿ ಪ್ರಬಂಧಕ್ಕೆ ಎರಡು ಭಾಗ, ಪ್ರತಿ ಭಾಗಕ್ಕೆ ಎರಡು ಉಪಭಾಗ ಎಂಬ ಚೌಕಟ್ಟು ಶಾಸನದಷ್ಟೇ ಕಟ್ಟುನಿಟ್ಟು. ವಿಷಯ ಎಷ್ಟೇ ಗೊತ್ತಿರಲಿ, ಪೀಠಿಕೆಯಲ್ಲಿ ಮೂಲ ಪ್ರಶ್ನೆಯನ್ನು ಎತ್ತಿ ನಿಲ್ಲಿಸದೆ ನೇರ ಉತ್ತರಕ್ಕೆ ಹಾರಿದವನಿಗೆ ಕತ್ತರಿ ಬೀಳುತ್ತದೆ. ಐದು ಅಂಕದ ಪ್ರಶ್ನೆಗೆ ಐದು ಪಾಯಿಂಟು ಬರೆದು ಬೆಳೆದ ನಮ್ಮ ವಿದ್ಯಾರ್ಥಿಗೆ ಇದು ಮೊದಲು ಕಿರಿಕಿರಿ. ಕೈ ಕುದುರಿದ ಮೇಲೆ ಒಂದು ಕಸುಬು. ಸ್ಥಳೀಯ ಗೆಳೆತನಕ್ಕೂ ದಾರಿ ಈ ಸಣ್ಣ ತರಗತಿಯೇ. ಒಟ್ಟಿಗೆ ಎಕ್ಸ್‌ಪೋಜೆ ಸಿದ್ಧಪಡಿಸಬೇಕಾದ ಇಬ್ಬರು ಲೈಬ್ರರಿಯಲ್ಲಿ ಕೂರಬೇಕು, ಜಗಳವಾಡಬೇಕು, ರಾತ್ರಿ ಒಬ್ಬರ ವಾಕ್ಯವನ್ನು ಇನ್ನೊಬ್ಬರು ತಿದ್ದಬೇಕು. ವಿದೇಶಿಯರಿಗೆಂದೇ ಕಟ್ಟಿದ ಇಂಗ್ಲಿಷ್ ಕೋರ್ಸಿನಲ್ಲಿ ಅಂಥ ಸಹಪಾಠಿ ಸಿಗುವುದೇ ಅಪರೂಪ.

ಈ ಇಂಗ್ಲಿಷ್ ಕೋರ್ಸುಗಳು ಹೆಚ್ಚಿದ ಬಗೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಕೆಲವು ವಿನಾಯಿತಿ ಬಿಟ್ಟರೆ ಪಾಠ, ಪರೀಕ್ಷೆ, ಪ್ರಬಂಧವೆಲ್ಲ ಫ್ರೆಂಚಿನಲ್ಲೇ ನಡೆಯಬೇಕೆಂದು 1994ರ ತೂಬೊಂ ಕಾನೂನು ವಿಧಿಸಿತ್ತು. ಖಾಸಗಿ ಬಿಸಿನೆಸ್ ಸ್ಕೂಲುಗಳು ಅದನ್ನು ಅಷ್ಟಾಗಿ ಲೆಕ್ಕಿಸಿರಲಿಲ್ಲ. 2013ರಲ್ಲಿ ಉನ್ನತ ಶಿಕ್ಷಣ ಸಚಿವೆ ಜೆನೆವಿಯೆವ್ ಫಿಯೊರಾಸೊ ಈ ಬಾಗಿಲನ್ನು ಕಾನೂನಿನ ಮೂಲಕವೇ ಅಗಲಿಸಲು ಹೊರಟಾಗ ಫ್ರೆಂಚ್ ಅಕಾಡೆಮಿ ವಿರೋಧಿಸಿತು; ‘ಲಿಬೆರಾಸಿಯೊಂ’ ಪತ್ರಿಕೆ ಮಸೂದೆಯನ್ನು ಬೆಂಬಲಿಸಿ ಮುಖಪುಟವನ್ನೇ ಇಂಗ್ಲಿಷಿನಲ್ಲಿ ಅಚ್ಚು ಮಾಡಿತು. ಇಂಗ್ಲಿಷ್ ಪಾಠಕ್ಕೆ ಅನುಮತಿ ಕೊಡದಿದ್ದರೆ ದಕ್ಷಿಣ ಕೊರಿಯಾ, ಭಾರತಗಳಂಥ ದೇಶಗಳ ವಿದ್ಯಾರ್ಥಿಗಳು ಬರುವುದಿಲ್ಲ, ಕೊನೆಗೆ ನಾವು ಐದು ಜನ ಮೇಜಿನ ಸುತ್ತ ಕೂತು ಕಾದಂಬರಿಕಾರ ಪ್ರೂಸ್ತ್‌ನ ಬಗ್ಗೆ ಹರಟುತ್ತಿರುತ್ತೇವೆ ಎಂಬುದು ಸಚಿವೆಯ ವಾದವಾಗಿತ್ತು. ಆ ಜುಲೈನಲ್ಲಿ ಕಾನೂನು ಬಂತು.

ಹನ್ನೊಂದು ವರ್ಷದೊಳಗೆ ಗಾಳಿ ಇನ್ನೊಂದು ದಿಕ್ಕಿಗೂ ಬೀಸಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಅತಿಥಿಯಾಗಿ ಬಂದ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರೋನ್ 2030ರೊಳಗೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಮತ್ತೆ ಹೇಳಿದರು. ಜೊತೆಗೆ, ಫ್ರೆಂಚ್ ಬಾರದ ವಿದ್ಯಾರ್ಥಿಗಳಿಗೆ ಮೊದಲು ಭಾಷೆ ಕಲಿಸಿ ಆಮೇಲೆ ಫ್ರೆಂಚ್ ಮಾಧ್ಯಮದ ಕೋರ್ಸಿಗೆ ಸೇರಿಸುವ ‘ಅಂತರರಾಷ್ಟ್ರೀಯ ತರಗತಿ’ಗಳನ್ನು ಪ್ರಕಟಿಸಿದರು. ಭಾರತೀಯರಿಗಾಗಿ ಇಂಗ್ಲಿಷ್ ಬೇಕು ಎಂದ ದೇಶವೇ ಭಾರತೀಯರೂ ಫ್ರೆಂಚಿನಲ್ಲಿ ಓದಬಲ್ಲರು ಎನ್ನತೊಡಗಿದೆ. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಬೋಧನೆಯ ಭಾಷೆ ಎಂಬುದು ಎಷ್ಟು ದೊಡ್ಡ ಸಂಗತಿಯೆಂದು ತಿಳಿಯಲು ಬೆಲ್ಜಿಯಂಗೆ ಹೋಗಬೇಕು. 1425ರಲ್ಲಿ ಸ್ಥಾಪನೆಯಾದ ಲೂವೆನ್ ವಿಶ್ವವಿದ್ಯಾಲಯವಿರುವುದು ಡಚ್ ಮಾತನಾಡುವ ಫ್ಲಾಂಡರ್ಸಿನಲ್ಲಿ. ಅಲ್ಲಿನ ಫ್ರೆಂಚ್ ವಿಭಾಗ ಊರು ಬಿಡಬೇಕೆಂದು ಫ್ಲೆಮಿಷ್ ವಿದ್ಯಾರ್ಥಿಗಳು ಬೀದಿಗಿಳಿದರು. 1968ರ ಫೆಬ್ರುವರಿಯಲ್ಲಿ ಈ ವಿವಾದಕ್ಕೆ ಪ್ರಧಾನಿ ಪಾಲ್ ವಾಂಡೆನ್ ಬೊಯ್ನಾಂಟ್ಸ್ ಸರ್ಕಾರವೇ ಉರುಳಿತು. ವಿಶ್ವವಿದ್ಯಾಲಯ ಇಬ್ಭಾಗವಾಯಿತು. ಲೈಬ್ರರಿಯ ಪುಸ್ತಕಗಳನ್ನು ಸಮಸಂಖ್ಯೆಯವು ಒಬ್ಬರಿಗೆ, ಬೆಸಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿದ ಕತೆಯನ್ನು ಬೆಲ್ಜಿಯನ್ನರು ಇಂದಿಗೂ ತಲೆ ಚಚ್ಚಿಕೊಂಡು ಹೇಳುತ್ತಾರೆ. ಬ್ರಸೆಲ್ಸಿನಿಂದ ಸುಮಾರು 30 ಕಿಲೋಮೀಟರ್ ದೂರದ ಹೊಲಗಳಲ್ಲಿ ಫ್ರೆಂಚ್ ವಿಭಾಗಕ್ಕಾಗಿ ಲುವ್ಯಾಂ-ಲಾ-ನವ್ ಎಂಬ ಹೊಸ ಊರೇ ಎದ್ದಿತು. 1971ರಲ್ಲಿ ಅಡಿಗಲ್ಲು, 1972ರಲ್ಲಿ ಮೊದಲ ವಿದ್ಯಾರ್ಥಿಗಳು. ಊರ ನಡುವೆ ಮೇಲೆ ಪಾದಚಾರಿಗಳು, ಕೆಳಗೆ ಕಾರುಗಳು. ಭಾಷೆಗಾಗಿಯೇ ಹುಟ್ಟಿದ ಈ ಊರಿನಲ್ಲೂ ಇಂಗ್ಲಿಷ್ ಕೋರ್ಸುಗಳನ್ನಷ್ಟೇ ಆರಿಸಿಕೊಂಡು ಸೆಮಿಸ್ಟರ್ ಮುಗಿಸಿ ಬರಲು ಇಂದು ಅವಕಾಶವಿದೆ.

ಬೆಂಗಳೂರಿನ ವಿಚಿತ್ರ ಇನ್ನೊಂದು ಬಗೆಯದು. ಪಿಯುಸಿಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಳ್ಳುವವರು ಇಲ್ಲಿ ಸಾಕಷ್ಟು. ಅನೇಕರ ಕಾರಣ ಪ್ಯಾರಿಸ್ಸೂ ಅಲ್ಲ, ಪ್ರೂಸ್ತ್‌ನೂ ಅಲ್ಲ. ಅದು ‘ಸ್ಕೋರಿಂಗ್’ ವಿಷಯ ಎಂಬುದೇ ಕಾರಣ. ಅಂಕಕ್ಕಾಗಿ ಫ್ರೆಂಚ್ ಕಲಿತವರೇ ಮುಂದೆ ಫ್ರೆಂಚ್ ನಾಡಿಗೆ ಹೋಗಿ, ಅಂಕಕ್ಕಾಗಿಯೇ ಆ ಭಾಷೆಯಿಂದ ತಪ್ಪಿಸಿಕೊಳ್ಳುತ್ತಾರೆ.

ಕಡ್ಡಾಯ ಮಾಡಬಾರದು ಎನ್ನುವವರ ಮಾತಿನಲ್ಲೂ ಹುರುಳಿದೆ. ಸ್ವಿಟ್ಜರ್ಲೆಂಡಿನ ಲೊಸಾನಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್ಎಲ್‌ನಲ್ಲಿ ಪದವಿ ಹಂತದ ಪಾಠ ಹೆಚ್ಚಾಗಿ ಫ್ರೆಂಚಿನಲ್ಲಿ, ಸ್ನಾತಕೋತ್ತರ ಹಂತದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಲ್ಲಿನ ಪ್ರಯೋಗಾಲಯಕ್ಕೆ ಸಂಶೋಧನೆಗೆಂದೇ ಹೋದ ಎಂ.ಟೆಕ್. ವಿದ್ಯಾರ್ಥಿಗೆ ಫ್ರೆಂಚ್ ಕೋರ್ಸು ಹೇರುವುದು ಅರ್ಥಹೀನ. ಅಂಥವರನ್ನು ನಿಯಮದಿಂದ ಹೊರಗಿಡಬಹುದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು. ವಿನಿಮಯದಲ್ಲಿ ಶುಲ್ಕ ಕಟ್ಟುವುದು ಸಾಮಾನ್ಯವಾಗಿ ತವರಿನ ಸಂಸ್ಥೆಗೇ ಆದರೂ ಭಾಷೆ ಕಲಿಯುವ ಖರ್ಚು ವಿದ್ಯಾರ್ಥಿಯ ಜೇಬಿನದು. ಏನೂ ಬಾರದವನು ಯುರೋಪಿನ ಭಾಷಾಮಟ್ಟದ ಅಳತೆಯಲ್ಲಿ ಬಿ-2 ಹಂತ ಮುಟ್ಟಲು ಸುಮಾರು 500-600 ಗಂಟೆ ಪಾಠ ಬೇಕೆಂಬುದು ರೂಢಿಯ ಅಂದಾಜು. ವಸಂತನಗರದ ಅಲಯನ್ಸ್ ಫ್ರಾನ್ಸೇಸ್‌ಗೆ ಸಂಜೆ ಹೋಗಿ ಬರಬಲ್ಲವಳಿಗೂ ರಾಯಚೂರಿನ ಹಾಸ್ಟೆಲಿನಲ್ಲಿರುವವಳಿಗೂ ಒಂದೇ ನಿಯಮ ಹಾಕಿದರೆ, ವಿನಿಮಯ ಉಳ್ಳವರ ಸ್ವತ್ತಾಗುತ್ತದೆ. ಹಾಗಾಗಿ ಕಡ್ಡಾಯ ಮಾಡುವ ಸಂಸ್ಥೆಯೇ ಉಚಿತವಾಗಿ ಕಲಿಸಬೇಕು. ಎರಾಸ್ಮಸ್ ತನ್ನ ವಿದ್ಯಾರ್ಥಿಗಳಿಗೆ ಆನ್‌ಲೈನ್ ಭಾಷಾ ಪಾಠವನ್ನು ಉಚಿತವಾಗಿಯೇ ಕೊಡುತ್ತದೆ.

ಪಾಸು-ಫೇಲು ಪದ್ಧತಿಯೇನೂ ಹೊಸ ಆವಿಷ್ಕಾರವಲ್ಲ. ಉತ್ತರ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ವಿನಿಮಯದ ಕ್ರೆಡಿಟ್ ಮಾತ್ರ ದಾಖಲಿಸಿ, ಅಂಕವನ್ನು ಸರಾಸರಿಯಿಂದ ಹೊರಗಿಡುತ್ತವೆ. ಇಲ್ಲಿ ಅದಕ್ಕೆ ಹೊಸ ಕಟ್ಟಡವೂ ಅನುದಾನವೂ ಬೇಡ, ಅಕಾಡೆಮಿಕ್ ಕೌನ್ಸಿಲ್ಲಿನ ಒಂದು ನಿರ್ಣಯ ಸಾಕು. ಫೇಲಾದವರಿಗೆ ಫ್ರಾನ್ಸಿನಲ್ಲಿ ‘ರತ್ರಪಾಜ್’ ಎಂಬ ಮರುಪರೀಕ್ಷೆ ಇದ್ದರೂ ಅದು ನಡೆಯುವ ಹೊತ್ತಿಗೆ ವಿನಿಮಯದ ವಿದ್ಯಾರ್ಥಿ ಊರಿಗೆ ಮರಳಿರಬಹುದು. ಅವರಿಗಾಗಿ ತವರಿನಲ್ಲೇ ಒಂದು ಪೂರಕ ಪರೀಕ್ಷೆಗೆ ಅದೇ ನಿರ್ಣಯದಲ್ಲಿ ಜಾಗ ಮಾಡಬೇಕು. ಐದನೇ ಸೆಮಿಸ್ಟರಿನಲ್ಲಿ ಹೊರಡುವವರ ಆಯ್ಕೆ ಮೂರನೇ ಸೆಮಿಸ್ಟರಿನ ಆರಂಭದಲ್ಲೇ ಮುಗಿದರೆ ಕೈಯಲ್ಲಿ ಒಂದು ವರ್ಷ ಉಳಿಯುತ್ತದೆ. ವಾರಕ್ಕೆ 6 ಗಂಟೆಯಂತೆ 40 ವಾರಕ್ಕೆ 240 ಗಂಟೆ. ಪಿಯುಸಿಯಲ್ಲಿ ಫ್ರೆಂಚ್ ಓದಿದವರು ಅಷ್ಟರಲ್ಲಿ ಒಂದು ಕೋರ್ಸು ನಿಭಾಯಿಸುವ ಮಟ್ಟಕ್ಕೆ ಬರಬಲ್ಲರು. ಮೊದಲಿನಿಂದ ಕಲಿಯುವವರಿಗೆ ಇನ್ನೊಂದು ಸೆಮಿಸ್ಟರ್ ಮುಂಚೆ, ಎರಡನೇ ಸೆಮಿಸ್ಟರಿನಲ್ಲೇ ತರಗತಿ ತೆರೆಯಬೇಕು.