ಕಾರ್ಖಾನೆಯ ನೀರು ಮತ್ತು ತರಕಾರಿಯ ಬೇರು

ಸತತ ಬರವನ್ನು ಉಂಡ ಹೊಸದುರ್ಗ ಸೀಮೆಯ ರೈತ ಯಾವ ನೀರನ್ನೂ ಬೇಡವೆನ್ನುವ ಸ್ಥಿತಿಯಲ್ಲಿಲ್ಲ. ಆದ್ದರಿಂದಲೇ, ಕಾರ್ಖಾನೆಗಳ ತ್ಯಾಜ್ಯ ನೀರನ್ನು ಸಂಸ್ಕರಿಸಿ ಪಾಲಿಹೌಸ್ ತರಕಾರಿಗೆ ಹರಿಸಬಹುದೆಂಬ ವಾದ ಇಂಥ ಪ್ರದೇಶದಲ್ಲಿ ಸುಲಭವಾಗಿ ಕಿವಿಗೆ ಬೀಳುತ್ತದೆ. ನೀರಿನ ಮರುಬಳಕೆಗೆ ನನ್ನ ವಿರೋಧವಿಲ್ಲ. ಯಾವ ನೀರು, ಯಾವ ಬೆಳೆಗೆ ಎಂಬ ವಿವೇಚನೆ ಮೊದಲು ಆಗಬೇಕೆಂಬುದಷ್ಟೇ ನನ್ನ ಆಗ್ರಹ.

ಈ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಗಾಜಿಗೆ ಬೇಕಾದ ಸೋಡಾ ದೊರೆಯುತ್ತಿದ್ದುದು ಚೌಳು ನೆಲದಿಂದಲೇ. ಬಳೆ ಮಾಡುವವನಿಗೆ ವರವಾದ ಚೌಳು ಬೇಸಾಯಗಾರನಿಗೆ ಶಾಪ. ಪಾಲಿಹೌಸ್ ಒಳಗೆ ಈ ಶಾಪ ಇನ್ನೂ ಬೇಗ ತಟ್ಟುತ್ತದೆ. ಬಯಲಿನ ಹೊಲದ ಉಪ್ಪನ್ನು ಮಳೆ ತೊಳೆದು ಕೆಳಗಿಳಿಸುತ್ತದೆ. ಸೂರಿನಡಿಯ ಮಣ್ಣಿಗೆ ಮಳೆಯೇ ಬೀಳುವುದಿಲ್ಲ. ಹನಿ ನೀರು ಆವಿಯಾಗಿ ಉಪ್ಪು ಬೇರಿನ ಸುತ್ತ ಉಳಿಯುತ್ತದೆ. ಕೊಳೆ ತಿನ್ನುವ ಸೂಕ್ಷ್ಮಾಣುಗಳನ್ನು ನಂಬಿದ ಸಾಮಾನ್ಯ ಶುದ್ಧೀಕರಣ ಘಟಕ, ನೀರಿನಲ್ಲಿ ಕರಗಿದ ಸೋಡಿಯಂ ಅನ್ನು ತೆಗೆಯಲಾರದು.

ಭಾರಲೋಹಗಳ ಕಥೆ ಇನ್ನೂ ಗಂಭೀರ. ಪೀಣ್ಯ ಮೊದಲಾದೆಡೆಯ ಕಾರ್ಖಾನೆಗಳ ಕೊಳೆ ಹೊತ್ತ ವೃಷಭಾವತಿ ಬಿಡದಿ ಸಮೀಪದ ಬೈರಮಂಗಲ ಕೆರೆ ಸೇರಿ, ಅಲ್ಲಿಂದ ಹೊಲಗಳಿಗೆ ಹರಿದಿದೆ. ಆ ನೀರುಂಡ ತರಕಾರಿಗಳಲ್ಲಿ ಲೋಹದ ಅಂಶವನ್ನು ಅಧ್ಯಯನಗಳು ಮತ್ತೆ ಮತ್ತೆ ಗುರುತಿಸಿವೆ. ಬೆಂಗಳೂರಿನ ಕೊಳಚೆ ನೀರನ್ನು ಕೋಲಾರಕ್ಕೆ ಒಯ್ಯುವ ಕೆ.ಸಿ. ವ್ಯಾಲಿ ಯೋಜನೆಯೂ 2018ರಲ್ಲಿ ಆರಂಭವಾದ ಬೆನ್ನಲ್ಲೇ ನೊರೆಯ ವಿವಾದಕ್ಕೆ ಸಿಲುಕಿ ನ್ಯಾಯಾಲಯದ ಮೆಟ್ಟಿಲೇರಿತು. ಕೋಲಾರದ ಕೆರೆಗಳು ತುಂಬಿದ್ದು ನಿಜ. ಎರಡು ಹಂತದ ಶುದ್ಧೀಕರಣ ಸಾಕೇ ಎಂಬ ಅಲ್ಲಿನ ಜನರ ಪ್ರಶ್ನೆಯೂ ಅಷ್ಟೇ ನಿಜ.

ಹಾಗಾದರೆ ದಾರಿ ಯಾವುದು? ಲೋಹಲೇಪನ, ಬಣ್ಣಗಾರಿಕೆಯಂಥ ಘಟಕಗಳ ನೀರು ಹೊಲದತ್ತ ಸುಳಿಯಲೇಬಾರದು. ಅವು ಅದನ್ನು ತಮ್ಮ ಆವರಣದಲ್ಲೇ ಮರುಬಳಸಲಿ. ಡೇರಿ, ಆಹಾರ ಸಂಸ್ಕರಣೆಯ ನೀರನ್ನು ಶುದ್ಧೀಕರಿಸಿ, ಪರೀಕ್ಷಿಸಿ ಮರಗಿಡಗಳಿಗೆ ಕೊಡಬಹುದು. ಪರೀಕ್ಷೆಯ ಫಲಿತಾಂಶ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಪ್ರಕಟವಾಗಲಿ.

ಪಾಲಿಹೌಸ್‌ಗೆ ನೀರು ಅದರ ಸೂರಿನ ಮೇಲೆಯೇ ಇದೆ. ಒಂದು ಎಕರೆಯ ಸೂರು ಸುಮಾರು 4,000 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆಯೆಂದರೂ 20 ಲಕ್ಷ ಲೀಟರ್. ದಿನಕ್ಕೆ 16,000 ಲೀಟರ್ ಲೆಕ್ಕದಲ್ಲಿ, ಸೋರಿಕೆ ಕಳೆದರೂ ದೊಣ್ಣೆ ಮೆಣಸಿನಕಾಯಿ ಬೆಳೆಯ ನಾಲ್ಕು ತಿಂಗಳ ಅಗತ್ಯದ ಬಹುಪಾಲು ನೀಗುತ್ತದೆ. 2014ರ ಕೃಷಿಭಾಗ್ಯ ಯೋಜನೆಯಿಂದ ಕೃಷಿಹೊಂಡ ಬಯಲುಸೀಮೆಗೆ ಹೊಸದಲ್ಲ. ಪಾಲಿಹೌಸ್ ಸಹಾಯಧನಕ್ಕೆ ಸೂರಿನ ನೀರು ಹಿಡಿಯುವ ಹೊಂಡವನ್ನು ಸರ್ಕಾರ ಕಡ್ಡಾಯಗೊಳಿಸಲಿ.

ನಗರ ತನ್ನ ಕೊಳೆಯನ್ನು ನೀರಾವರಿಯೆಂಬ ಹೆಸರಿನಲ್ಲಿ ಹಳ್ಳಿಗೆ ಸಾಗಿಸಿದರೆ, ಅದು ತರಕಾರಿಯ ರೂಪದಲ್ಲಿ ನಗರದ ತಟ್ಟೆಗೇ ಮರಳುತ್ತದೆ. ಕೆಟ್ಟ ನೆಲ ಮಾತ್ರ ರೈತನ ಪಾಲಿಗೆ ಉಳಿಯುತ್ತದೆ.